ಮ್ಯಾಲ ಕೊಟ್ಟ ರೊಕ್ಕ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇಲ್ಲದಿದ್ದರೆ ಕಿರಾಣಿ ಸಾಮಾನಿನ ಸಲುವಾಗಿ ಯಾರಾದರೂ ಧಾರವಾಡದ ಗ್ರಾಹಕರ ಕೋರ್ಟಿಗೆ ಅಲೆಯುತ್ತಾರೆಯೇ?

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನಾನು, ಅವ್ವ ಇಬ್ಬರೇ ಉಣಕಲ್ಲಿನಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆವು. ಅವ್ವನಿಗೆ ಮೊಣಕಾಲು ನೋವು, ನನಗೆ ಆಫೀಸು. ಅಷ್ಟರಲ್ಲಿ ದೇಶಪಾಂಡೆ ನಗರದ ಒಂದು ಅಂಗಡಿಯವರು ಕಂಪ್ಯೂಟರಿನಲ್ಲೇ ಸಾಮಾನು ಬರೆಸುವ ವ್ಯವಸ್ಥೆ ಶುರು ಮಾಡಿದರು. ಮನೆಗೆ ತಂದುಕೊಡಲು ಒಂದು ಪೈಸೆಯೂ ಹೆಚ್ಚಿಗೆ ಇಲ್ಲ ಎಂದು ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದ್ದರು. ನಾನು ಮಧ್ಯಾಹ್ನದ ಬಿಡುವಿನಲ್ಲಿ ಶೇಂಗಾ, ಬೆಲ್ಲ, ತೊಗರಿಬೇಳೆ ಎಂದು ಒತ್ತಿದರೆ ಸಂಜೆಯೊಳಗೆ ಚಾಚಾ ಮೊಪೆಡ್ಡಿನ ಮೇಲೆ ತಂದು ಮುಟ್ಟಿಸುತ್ತಿದ್ದರು.

ಚಾಚಾ ಆ ಅಂಗಡಿಯ ಕೆಲಸಗಾರರು, ಐವತ್ತು ದಾಟಿದವರು. ಕೆಳಗೇ ಚೀಲ ಇಟ್ಟು ಹೋಗುತ್ತೇನೆಂದರೆ ಅವ್ವ ಬಿಡುತ್ತಿರಲಿಲ್ಲ. ಹೊಸ್ತಿಲಾಚೆ ರೊಕ್ಕ ಕೊಟ್ಟರೆ ಲಕ್ಷ್ಮಿ ಹೊರಟು ಹೋಗುತ್ತಾಳೆಂದು ಅವಳ ನಂಬಿಕೆ.

"ಮ್ಯಾಲ ಬರ್ರಿ, ನೀರು ಕುಡೀರಿ. ರೊಕ್ಕ ಮ್ಯಾಲನ ಕೊಡ್ತೇನಿ" ಎನ್ನುವಳು. ಚಾಚಾ ಹತ್ತಿ ಬಂದು, ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದು, ರೊಕ್ಕ ಎಣಿಸದೆ ಜೇಬಿಗಿಳಿಸುವರು.

ತಕರಾರು ಇದ್ದದ್ದು ಅವರು ತರುವ ಬಿಲ್ಲಿನ ಚೀಟಿಯಲ್ಲಿ. ಪರದೆಯ ಮೇಲಿನ ಮೊತ್ತಕ್ಕೂ ಅದಕ್ಕೂ ಪ್ರತಿ ಸಲ ಫರಕು. ನಾನು ಅಂಗಡಿಗೆ ಫೋನ್ ಮಾಡಿದೆ.

"ಪ್ಯಾಕಿಂಗ್ ಖರ್ಚ ಇರ್ತದ, ಪೆಟ್ರೋಲ್ ಇರ್ತದ್ರಿ ಮೇಡಂ" ಎಂದರು ಮಾಲಕರು.

"ಮತ್ತ ಮೊದಲ ಯಾಕ ಹೇಳಲಿಲ್ರಿ?"

"ಎಲ್ಲಾರೂ ಸುಮ್ಮ ಕೊಡ್ತಾರ್ರಿ. ನೀವೊಬ್ರ ಕೇಳಾಕತ್ತೀರಿ."

ಪಿತ್ತ ನೆತ್ತಿಗೇರಿತು. ವಕೀಲರ ಗೊಡವೆಯಿಲ್ಲದೆ ನಾನೇ ಕೂತು ದೂರು ಬರೆದೆ.

ಸುದ್ದಿ ಗೊತ್ತಾದ ಮೇಲೆ ಚಾಚಾ ಒಂದು ಸಂಜೆ ನೀರು ಕುಡಿದರೂ ಏಳಲಿಲ್ಲ. "ಅಕ್ಕಾರ, ನೀವು ಜಗಳಾಡ್ರಿ, ಬ್ಯಾಡ ಅನ್ನೂದಿಲ್ಲ. ನನ್ನ ನಡುವ ತರಬ್ಯಾಡ್ರಿ. ಈ ವಯಸ್ಸಿನ್ಯಾಗ ನನಗ ಮತ್ಯಾರು ಕೆಲಸಾ ಕೊಡ್ತಾರ?"

"ನಿಮ್ಮ ಹೆಸರು ಬರೂದಿಲ್ಲ ಚಾಚಾ" ಎಂದೆ. ಅವ್ವನೂ ಹೂಂಗುಟ್ಟಿದಳು.

ಅಂಗಡಿಯವರು ಕೋರ್ಟಿಗೆ ಕೊಟ್ಟ ಉತ್ತರ ನನ್ನ ಕೈಗೆ ಬಂತು. ಶಿಕ್ಕಾ-ಮೊಹರು ಇಲ್ಲದ ಚೀಟಿ ತಮ್ಮದಲ್ಲ, ಹೆಚ್ಚಿಗೆ ರೊಕ್ಕ ಹೋಗಿದ್ದರೆ ಅದು ಸಾಮಾನು ತಂದವನ ಕೈವಾಡ ಎಂದು ಬರೆದಿದ್ದರು. ರೊಕ್ಕ ಕೊಟ್ಟವಳು ಅವ್ವ, ಹಾಗಾಗಿ ಅವಳೇ ಬಂದು ಹೇಳಬೇಕಾಯಿತು. ಇಳಕಲ್ ಸೀರೆ ಉಟ್ಟು, ನನ್ನ ಹೆಗಲು ಹಿಡಿದು ಮೆಟ್ಟಿಲಿಳಿದಳು. ಚಾಚಾ ಪ್ರಾಮಾಣಿಕ ಮನುಷ್ಯ ಎಂದು ನಾಲ್ಕು ಜನರೆದುರು ಹೇಳಿಯೇ ಬರುತ್ತೇನೆಂದು ಆಟೋದ ತುಂಬ ಅದೇ ಮಾತು.

ಕೋರ್ಟಿನಲ್ಲಿ ಅಂಗಡಿಯ ವಕೀಲರು ಬಹಳ ಮೆತ್ತಗೆ ಕೇಳಿದರು. "ಸಾಮಾನು ತರಾವಗ ಮ್ಯಾಲ ರೊಕ್ಕ ಕೊಡತಿದ್ರೇನ್ರಿ ಅವ್ವಾರ?"

"ಹೌದ್ರಿ. ಯಾವಾಗಲೂ ಮ್ಯಾಲನ ಕೊಡತಿದ್ದೆ."

"ಹಂಗ ಕೊಡ್ರಿ ಅಂತ ಅಂಗಡಿಯವರು ಹೇಳಿದ್ರೇನು?"

"ಅವರ್ಯಾಕ ಹೇಳ್ತಾರ್ರಿ? ನಮ್ಮ ಮನೀ ಪದ್ಧತಿ ಅದು."

ವಕೀಲರು ನಕ್ಕು ಕೂತುಬಿಟ್ಟರು. ನಾನು ಎದ್ದು ನಿಂತೆ; ನಿಮ್ಮ ಪಾಳಿ ಬಂದಾಗ ಮಾತಾಡ್ರಿ ಎಂದು ನ್ಯಾಯಾಧೀಶರು ಕೂಡಿಸಿದರು. ಬಿಲ್ಲಿನ ಮೇಲೆ ಹೆಚ್ಚಿನ ಹಣವನ್ನು ಸಾಮಾನು ತಂದವನಿಗೆ ತಾವಾಗಿಯೇ ಕೊಡುತ್ತಿದ್ದರು ಎಂದು ಕಾಗದದಲ್ಲಿ ಇಳಿಯಿತು. ನನ್ನ ಪಾಳಿ ಬಂದಾಗ ಮ್ಯಾಲ ಅಂದರೆ ಮಹಡಿ ಎಂದು ಬಿಡಿಸಿ ಹೇಳಿದೆ. ಮಾತು ತಿರುಗಿಸುತ್ತಿದ್ದಾರೆ ಎಂದರು ವಕೀಲರು. ಅವ್ವನಿಗೆ ತಾನು ಏನು ತಪ್ಪು ಹೇಳಿದೆನೆಂದು ಮನೆ ಮುಟ್ಟುವವರೆಗೂ ತಿಳಿಯಲಿಲ್ಲ. ತಿಳಿದ ಮೇಲೆ ಆ ದಿನ ಉಣ್ಣಲಿಲ್ಲ.

ಮರುದಿನವೇ ಚಾಚಾನನ್ನು ಕೆಲಸದಿಂದ ತೆಗೆದರು. ರೊಕ್ಕ ತಿಂದವನು ಎಂಬ ಹೆಸರು ಹೊತ್ತವರನ್ನು ಬೇರೆ ಅಂಗಡಿಯವರೂ ಇಟ್ಟುಕೊಳ್ಳಲಿಲ್ಲ.

ಕೇಸು ನಾವೇ ಗೆದ್ದೆವು. ನೆರೆಮನೆಯವರ ಹತ್ತಿರ ಅದೇ ಅಂಗಡಿಯ ಶಿಕ್ಕಾ ಇದ್ದ, ಪ್ಯಾಕಿಂಗ್ ಖರ್ಚು ಎಂದು ಬರೆದಿದ್ದ ಚೀಟಿ ಸಿಕ್ಕಿತ್ತು. ಆಫೀಸಿನಲ್ಲಿ ಎಲ್ಲರೂ ಪೇಢೆ ಕೇಳಿದರು. ನನಗೆ ಯಾರ ಮುಖ ನೋಡುವುದೂ ಬೇಡವಾಗಿತ್ತು. ತೀರ್ಪಿನ ಪ್ರತಿ ಹಿಡಿದು ಅಂಗಡಿಗೆ ಹೋಗಿ ಚಾಚಾನನ್ನು ಮರಳಿ ತೆಗೆದುಕೊಳ್ಳಿ ಎಂದು ಜಗಳವಾಡಿದೆ. ತೀರ್ಪಿನಲ್ಲಿ ಅದೆಲ್ಲಿ ಬರೆದಿದೆ ತೋರಿಸಿ ಎಂದರು ಮಾಲಕರು. ಬರೆದಿರಲಿಲ್ಲ.

ಕೆಲವು ತಿಂಗಳ ಮೇಲೆ ಓಣಿಯಲ್ಲಿ ಗುರುತಿನ ದನಿ ಕೇಳಿತು. ಚಾಚಾ ಅಮರಗೋಳದ ಮಾರ್ಕೆಟ್ಟಿನಿಂದ ಬಳ್ಳೊಳ್ಳಿ ತಂದು ಕೈಗಾಡಿಯಲ್ಲಿ ಮಾರುತ್ತಿದ್ದರು. ಅವ್ವ ಮಹಡಿಯಿಂದ ಬಗ್ಗಿ ಕೂಗಿದಳು.

"ಮ್ಯಾಲ ಬರ್ರಿ ಅಣ್ಣಾರ, ನೀರು ಕುಡೀರಂತ."

"ಬ್ಯಾಡ್ರಿ ಅವ್ವಾರ. ಇಲ್ಲೇ ಛಲೋ ಅದ."

ಅವ್ವ ನನ್ನನ್ನು ಕರೆಯಲಿಲ್ಲ. ಗೋಡೆ ಹಿಡಿದು, ನಡುನಡುವೆ ಕೂತು, ಒಬ್ಬಳೇ ಇಳಿದಳು. ಹೊಸ್ತಿಲು ದಾಟಿ ಗಾಡಿಯ ಹತ್ತಿರ ಹೋಗಿ, ಬೀದಿಯಲ್ಲೇ ನಿಂತು ಬಳ್ಳೊಳ್ಳಿಯ ರೊಕ್ಕ ಚಾಚಾ ಕೈಯಲ್ಲಿಟ್ಟಳು.

ಚಾಚಾ ಅದನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಸಣ್ಣಗೆ ನಕ್ಕು ಹೇಳಿದರು: "ಯಾರರ ಕೇಳಿದ್ರ ಕೆಳಗ ಕೊಟ್ಟೆ ಅಂತ ಹೇಳ್ರಿ ಅವ್ವಾರ."

ಅವ್ವನಿಗೆ ನಗಲು ಆಗಲಿಲ್ಲ. ಮತ್ತೆ ಮೇಲೆ ಹತ್ತಿ ಬರಲು ಅವಳಿಗೆ ಬಹಳ ಹೊತ್ತು ಹಿಡಿಯಿತು.