ಬಂಬದ ಪೈಪು ಎಳೆದ ಎತ್ತುಗಳು

ಗೆಳೆಯರೇ, ಇಚಲಕರಂಜಿಯಲ್ಲಿ ಬೆಂಕಿ ಆರಿಸುವ ಬಂಬ ಓಡಿಸಲು ನನ್ನಂಥವನು ಇನ್ನೊಬ್ಬನಿಲ್ಲ. ಇವತ್ತು ಮಗ್ಗದ ಶೆಡ್ಡಿಗೆ ಬೆಂಕಿ ಬಿತ್ತೆಂದು ಗಂಟೆ ಬಾರಿಸುತ್ತ ಹೊರಟೆ. ಶೆಡ್ಡಿನ ಓಣಿಯ ತಿರುವಿನಲ್ಲೇ ಬಂಬ ತಾಗಿ, ದತ್ತವಾಡದಿಂದ ಬಂದ ಕಬ್ಬಿನ ಎತ್ತಿನ ಗಾಡಿಯ ಗಾಲಿ ಮುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಪಘಾತವಾದರೆ ನಮ್ಮ ಅಗ್ನಿಶಾಮಕ ಠಾಣೆಯ ಸಾಹೇಬರು ಬಂದು ನೋಡುವವರೆಗೆ ಬಂಬ ಕದಲಿಸಬಾರದೆಂಬುದು ನಿಯಮ.

“ಮಾಮಾ, ನನ್ನ ಮಗ್ಗ ಸುಡಾಕತ್ತಾವ್ರೀ!” ಎಂದು ಶೆಡ್ಡಿನ ಯಜಮಾನ ಓಡಿಬಂದ.

“ಬಂಬ ಹಂದಂಗಿಲ್ಲ. ಪೈಪು ಅಲ್ಲೀತನಕ ಮುಟ್ಟತೈತಿ, ಆದರ ಭಾಳ ವಜ್ಜಿ ಐತಿ, ಮನಷ್ಯಾರ ಕೈಲೆ ಎಳಿಯಾಕ ಆಗೂದಿಲ್ಲ” ಎಂದೆ.

ಗಾಡಿಯವನು, “ನನ್ನ ಎತ್ತು ಖಾಲಿ ನಿಂತಾವಲ್ಲೋ, ಕಟ್ಟು!” ಎಂದ.

ಎತ್ತು ಪೈಪು ಎಳೆದವು, ನಾನು ನೀರು ಬಿಟ್ಟೆ, ಮಗ್ಗ ಉಳಿದವು.

ಆಮೇಲೆ ಬಂದ ಸಾಹೇಬರು, “ಎತ್ತು ಬೆಂಕಿಗೆ ಅಂಜಲಿಲ್ಲೇನೋ?” ಎಂದರು.

“ಬೆಂಕಿಗೆ ಇಲ್ರೀ. ಈ ಮಾಮಾ ಬಂಬ ಹೊಡಿಯೂದಕ್ಕ ಅಂಜ್ಯಾವ!” ಎಂದ ಗಾಡಿಯವನು.

ಎತ್ತಿಗೇನು ತಿಳಿಯುತ್ತದೆ, ಬಿಡಿ.