ಕಾಗೆಗೆ ಒಪ್ಪುವ ಮರ

ಬೋರಯ್ಯ ಮಾವ ಹಲಗೆಯನ್ನು ಕೊಳ್ಳುವ ಮೊದಲು ನೆಕ್ಕುತ್ತಿದ್ದರು. ಮದ್ದೂರಿನ ಸಾಮಿಲ್ಲಿನಲ್ಲಿ ಜನರೆಲ್ಲ ನೋಡುತ್ತಿದ್ದರೂ ಅವರಿಗೆ ನಾಚಿಕೆಯಿಲ್ಲ. ಸ್ಕೂಟಿಯಲ್ಲಿ ಕರೆದುಕೊಂಡು ಹೋದ ನನಗೇ ಮುಖ ಮುಚ್ಚಿಕೊಳ್ಳುವಂತಾಗುತ್ತಿತ್ತು. "ಒದ್ದೆ ಆದ್ರೆ ಎಳೆ ಎದ್ದು ಕಾಣ್ತದೆ ಕಣವ್ವ. ಗಿಣಿ ಕೊಕ್ಕು ಎಳೆ ಉದ್ದುಕ್ಕೇ ಬರ್ಬೇಕು. ಅಡ್ಡ ಬಂದ್ರೆ ಟಪ್ ಅಂತದೆ," ಎನ್ನುತ್ತಿದ್ದರು.

ಮದ್ದೂರಿನ ಹತ್ತಿರದ ಕೊಪ್ಪದಲ್ಲಿ ಅವರದು ನಮ್ಮ ಪಕ್ಕದ ಮನೆ. ಬಸ್ ಓಡಿಸಿ ನಿವೃತ್ತರಾದ ಮೇಲೆ, ದಾರದಷ್ಟು ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುವ ಗರಗಸದ ಮಿಷನ್ನೊಂದನ್ನು ತಂದು ಜಗಲಿಯಲ್ಲಿಟ್ಟುಕೊಂಡು ಹೂವು, ಹಕ್ಕಿ ಕೊರೆಯತೊಡಗಿದರು. ತೇಗವನ್ನು ಕಂಡರೆ, "ಇದು ಗೌಡ್ರ ಮರ. ಮಂಚ ಆಯ್ತದೆ, ದಾಸವಾಳ ಆಗಾಕೆ ಒಪ್ಪಲ್ಲ" ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಪ್ಲೈವುಡ್ಡಿನ ಹೆಸರೆತ್ತಿದರೆ ಎದ್ದೇ ಹೋಗುತ್ತಿದ್ದರು. ಹೂವಿಗೆ ಅವರು ಒಪ್ಪುತ್ತಿದ್ದುದು ಹಾಲೆಮರವೊಂದನ್ನೇ, ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಆ ಬಿಳಿ ಮರ. "ಮೆತ್ತುಗಿರೋ ಮರ ಬೇಕು ಅಂತಾರೆ, ಸುಳ್ಳು. ಎಸಳು ನಿಲ್ಲಾಕೆ ಬಿಗಿ ಇರ್ಬೇಕು, ಹಟ ಇರ್ಬಾರ್ದು. ನಿಮ್ಮತ್ತೆ ಅಂಗೆ." ಒಳಗಿನಿಂದ ಚಿಕ್ಕತಾಯಿ ಅತ್ತೆ, "ಮರನೂ ನಾನೂ ಒಂದೇಯಾ ಈ ಮನೇಲಿ?" ಎಂದು ಕೂಗುತ್ತಿದ್ದರು.

ಆ ಅತ್ತೆ ಮಂಡ್ಯದ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಿಂದಿನ ಸಂಜೆ "ಮನೀಗ್ ಕರ್ಕೊಂಡೋಗು" ಎಂದು ಕೇಳಿದ್ದರಂತೆ. "ನಾಳೀಕೆ ಓಗುವ, ಸುಮ್ಕಿರು" ಎಂದಿದ್ದರಂತೆ ಮಾವ. ಮೂರನೇ ದಿನ, ಹಾಲುತುಪ್ಪಕ್ಕೆ ಇಟ್ಟ ಎಡೆಯನ್ನು ಕಾಗೆ ಮುಟ್ಟಲಿಲ್ಲ. ತಿಥಿಯ ದಿನವೂ ಮುಟ್ಟಲಿಲ್ಲ; ಕೊನೆಗೆ ಹಸುವಿಗೆ ತಿನ್ನಿಸಿದರು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮ ಕಡೆ ನಂಬುತ್ತಾರೆ. ಏನು ಆಸೆಯೋ ಎಂದು ನೆಂಟರೆಲ್ಲ ತಲೆ ಕೆಡಿಸಿಕೊಂಡರು. ಮಾವನಿಗೆ ಮಾತ್ರ ಗೊತ್ತಿತ್ತು.

ಅಲ್ಲಿಂದಾಚೆಗೆ ಅವರು ಹೂವು ಕೊರೆಯಲಿಲ್ಲ. ಮರದಲ್ಲಿ ಕಾಗೆ ಮಾಡಿ ಎಡೆಯ ಪಕ್ಕ ಇಡಬೇಕು ಎಂಬುದೊಂದೇ ಹಟ. "ಒಂದು ಕೂತದೆ ಅಂದ್ರೆ ಇನ್ನೊಂದು ಧೈರ್ಯವಾಗಿ ಇಳೀತದೆ ಕಣವ್ವ." ಬಣ್ಣ ಹಚ್ಚಿದರೆ ಮೋಸವಾಗುತ್ತದೆಂದು ಕಪ್ಪು ಮರವನ್ನೇ ಹುಡುಕಿದರು. ಮಳವಳ್ಳಿಯ ಬಡಗಿಯೊಬ್ಬರ ಹತ್ತಿರ ಹಳೆಯ ಮಂಚದ ಬೀಟೆ ತುಂಡು ಸಿಕ್ಕಿತು. ಒಂದೊಂದು ಗರಿಯನ್ನೂ ಬಿಡಿಸಿ ಕೊರೆದ ಆ ಕಾಗೆಗೆ ಬೆನ್ನು ಹಾಕಿ ಕೂರಲು ನನಗೆ ಭಯವಾಗುತ್ತಿತ್ತು.

ವರ್ಷದ ತಿಥಿಗೆ ಅದನ್ನು ಹಿತ್ತಿಲಲ್ಲಿ ಬಾಳೆ ಎಲೆಯ ಪಕ್ಕ ಇಟ್ಟರು. ಒಂದು ಕಾಗೆ ಬಂದು ನೋಡಿ ಅರಚಿತು. ಊರಿನ ಕಾಗೆಗಳೆಲ್ಲ ತೆಂಗಿನ ಮರಗಳ ಮೇಲೆ ಸೇರಿ ಗಂಟಲು ಹರಿಯುವಂತೆ ಕೂಗಿದವು. ಒಂದೂ ಕೆಳಗಿಳಿಯಲಿಲ್ಲ.

"ಸತ್ತ ಕಾಗೆ ಅಂದ್ಕೊಂಡು ಎದ್ರುಕೊಂಡವೆ ಮಾವ," ಎಂದೆ.

"ಅಲ್ಲ ಕಣವ್ವ. ಯಾರೋ ಮಲ್ಗಿದ್ ಮಂಚದ ಮರ ಅದು. ಅವ್ಳಿಗೆ ಗುರ್ತು ಸಿಗ್ಲಿಲ್ಲ."

ಆಮೇಲೆ ಎಷ್ಟು ಸಮಾಧಾನ ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ. ಹೋದಲ್ಲೆಲ್ಲ ಜನರ ಮನೆಯ ತೊಲೆ, ಕಂಬ, ಮಣೆಗಳನ್ನು ನೋಡುತ್ತಾ ನಿಲ್ಲುತ್ತಿದ್ದರು.

ಕೊನೆಯ ಸಲ ಹೋದಾಗ ಅವರ ಮನೆಗೆ ಹಿತ್ತಿಲ ಬಾಗಿಲೇ ಇರಲಿಲ್ಲ. ಒಲೆಯ ಹೊಗೆಗೂ ಅತ್ತೆಯ ಎಣ್ಣೆಗೈಗೂ ಕರ್ರಗಾಗಿದ್ದ ಹಲಸಿನ ಬಾಗಿಲನ್ನು ಕಿತ್ತು ಜಗಲಿಯ ಮೇಲೆ ಮಲಗಿಸಿಕೊಂಡಿದ್ದರು. ಅಗುಳಿಯ ಪಕ್ಕದಲ್ಲಿ ಸೀಮೆಸುಣ್ಣದಿಂದ ಕಾಗೆಯ ರೆಕ್ಕೆ ಬರೆಯುತ್ತಿದ್ದರು.

"ಇದೇನ್ ಮಾವ, ರಾತ್ರಿ ನಾಯಿ ನುಗ್ಗಲ್ವಾ?"

"ನುಗ್ಲಿ ಬುಡು. ಬಾಗ್ಲಿದ್ರೆ ತಾನೇ ಅವ್ಳು ತಟ್ಬೇಕು?"

ಬೈಯಬೇಕೆಂದುಕೊಂಡಿದ್ದೆ. ಅಳು ಬಂತು, ಎದ್ದು ಬಂದೆ.

ಕಾಗೆ ಮುಗಿಯಲಿಲ್ಲ. ಆ ವಾರವೇ ಮಾವ ಮಲಗಿದ್ದಲ್ಲೇ ಹೋದರು.

ಅವರ ತಿಥಿಯ ದಿನ ಹಿತ್ತಿಲಲ್ಲಿ ಎಡೆ ಇಟ್ಟು ನಾವೆಲ್ಲ ದೂರ ನಿಂತೆವು. ಮಾವನ ತಮ್ಮ, "ಬಾರಣ್ಣ, ಬಂದು ಉಣ್ಣು" ಎಂದು ಕರೆದರು. ತಡವಾಗಲಿಲ್ಲ, ಕಾಗೆಯೊಂದು ಇಳಿಯಿತು. ಎಡೆಯ ಕಡೆ ತಿರುಗಿಯೂ ನೋಡಲಿಲ್ಲ. ಎಲೆಯ ಪಕ್ಕದಿಂದಲೇ ಕುಪ್ಪಳಿಸುತ್ತಾ ಹೋಗಿ, ಬಾಗಿಲಿಲ್ಲದ ಹಿತ್ತಿಲ ಹೊಸ್ತಿಲು ದಾಟಿ ಮನೆಯೊಳಕ್ಕೆ ಹೋಯಿತು.

ಓಡಿಸಲು ಯಾರೂ ಹೋಗಲಿಲ್ಲ.