ಪಾರ್ಕಿಂಗ್ ಶುಲ್ಕದ ವಿರುದ್ಧ ನಾವು ಗೆದ್ದ ಕಥೆ

ಹೋದ ಭಾನುವಾರ ಬೆಳಿಗ್ಗೆ ನ್ಯಾಷನಲ್ ಪಾರ್ಕಿನ ಹೊರಗೆ ಒಬ್ಬ ಗಾರ್ಡ್ ನನ್ನ ಕಾರಿಗೆ ಸೆಲ್ಯೂಟ್ ಹೊಡೆದ. ನನಗಲ್ಲ, ಕಾರಿಗೆ. ಮುಂದಿನ ಗಾಜಿನ ಮೇಲಿದ್ದ ಹಸಿರು ಸ್ಟಿಕರ್ ನೋಡಿದ, ಅಡ್ಡಗಂಬ ಎತ್ತಿದ, ಕೈ ಹಣೆಗೆ ಹಚ್ಚಿದ. ನನ್ನ ಹಿಂದೆ ಒಂದು ಬಾಡಿಗೆ ವ್ಯಾನ್. ಅದರ ತುಂಬ ಭಾನುವಾರದ ಒಳ್ಳೆ ಬಟ್ಟೆ ತೊಟ್ಟ ಮಕ್ಕಳು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಗಾರ್ಡ್ ಜೊತೆ ವಾದಕ್ಕಿಳಿದ. ನಾನು ಒಳಗೆ ಹೋದೆ. ಕನ್ನಡಿಯಲ್ಲಿ ನೋಡಿದರೆ ವ್ಯಾನ್ ತಿರುಗಿಸಿಕೊಂಡು ವಾಪಸ್ ಹೊರಟಿತ್ತು.

ಇಪ್ಪತ್ತೆರಡು ವರ್ಷದಿಂದ ನೈರೋಬಿಯಲ್ಲಿದ್ದೇನೆ. ಇಲ್ಲಿ ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಈ ಊರಿನ ಅಂಚಿಗೇ ಒಂದು ನ್ಯಾಷನಲ್ ಪಾರ್ಕ್ ಇದೆ ಅಂತ ಹಿಂದೆಯೂ ಬರೆದಿದ್ದೇನೆ. (ಜಿರಾಫೆಯ ಕತ್ತಿನ ಹಿಂದೆ ಬಹುಮಹಡಿ ಕಟ್ಟಡಗಳು ಕಾಣುತ್ತವೆ ಅಂದಾಗ ಶಿವಮೊಗ್ಗದ ಓದುಗರೊಬ್ಬರು ನಂಬಲಿಲ್ಲ. ಫೋಟೊ ಕಳಿಸಿದೆ. ಆಮೇಲೂ ನಂಬಲಿಲ್ಲ.) ಪ್ರಾಣಿ ನೋಡಲು ಒಳಗೆ ಹೋಗುವವರಿಗೆ ಟಿಕೆಟ್ ಯಾವತ್ತೂ ಇತ್ತು. ಆದರೆ ಟಿಕೆಟ್ ಗೇಟಿನ ಹೊರಗೆ, ಮರಗಳ ಕೆಳಗೆ, ಒಂದು ದೊಡ್ಡ ಬಯಲು. ಕಾರು ಅಲ್ಲಿ ನಿಲ್ಲಿಸಿ, ಬೇಲಿಯುದ್ದಕ್ಕೂ ಇರುವ ಕಾಲುದಾರಿಯಲ್ಲಿ ಒಂದು ಗಂಟೆ ನಡೆಯಬಹುದು. ಅದೃಷ್ಟ ಚೆನ್ನಾಗಿದ್ದರೆ ಬೇಲಿಯಾಚೆ ಜೀಬ್ರಾ ಕಾಣುತ್ತದೆ. ಯಾರೂ ದುಡ್ಡು ಕೇಳುತ್ತಿರಲಿಲ್ಲ.

ಹೈರಿಡ್ಜ್ ಬಡಾವಣೆ ಕಡೆಯ ನಾವೊಂದಷ್ಟು ಭಾರತೀಯ ಮನೆಯವರು ಪ್ರತಿ ಭಾನುವಾರ ಅಲ್ಲಿಗೆ ವಾಕಿಂಗ್ ಹೋಗುತ್ತೇವೆ. ನಮ್ಮ ಲೀಡರ್ ಲ್ಯಾನ್ಸಿ. ಮಂಗಳೂರಿನವರು, ಇಲ್ಲಿ ಆಡಿಟರ್. ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ನೇರ ಬರುವವರು. ನಾನು ಇಲ್ಲಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುವುದರಿಂದ ಅವರಿಗೆ ನಾನು ‘ಟೀಚರ್’.

ನಡೆದು ಬಂದ ಮೇಲೆ ಮಾಮಾ ಅತಿಯೆನೊ ಅವರ ಚಾಯ್. (ಇಲ್ಲಿನ ಸ್ವಾಹಿಲಿಯಲ್ಲಿ ಮಾಮಾ ಅಂದರೆ ಅಮ್ಮ. ಸೋದರಮಾವ ಅಲ್ಲ.) ಬಯಲಿನ ಮೂಲೆಯಲ್ಲಿ ಇದ್ದಿಲ ಒಲೆ, ಒಂದು ಬೆಂಚು, ಶುಂಠಿ ಹಾಕಿ ಕುದಿಸಿದ ಚಹಾ, ಜೊತೆಗೆ ಮಂದಾಜಿ. ಮಂದಾಜಿ ಅಂದರೆ ಮಂಗಳೂರು ಬನ್ಸಿನ ದೂರದ ಸಂಬಂಧಿ ಅಂದುಕೊಳ್ಳಿ. ಹನ್ನೊಂದು ವರ್ಷದಿಂದ ಅದೇ ಮರ, ಅದೇ ಬೆಂಚು. ಆ ಒಲೆಯಿಂದಲೇ ದೊಡ್ಡ ಮಗಳು ನರ್ಸಿಂಗ್ ಓದುತ್ತಿದ್ದಳು. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಹಾಲು ಕಮ್ಮಿ, ಎಲ್ಲ ಬಾಯಿಪಾಠ. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ಪ್ರತಿವಾರ ವಿಚಾರಿಸಿ, ಅವರಿಗೆ ಕೊಡಿ ಅಂತ ಹಸಿ ಶುಂಠಿಯನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ನನ್ನನ್ನು ಕರೆಯುವುದು ‘ಮ್ವಾಲಿಮು’ ಅಂತ. ಅದೂ ಟೀಚರೇ.

ಜುಲೈ ಚಳಿಯಲ್ಲಿ (ಇಲ್ಲಿ ಚಳಿಗಾಲ ಆಗಲೇ) ಒಂದು ಬೆಳಿಗ್ಗೆ ಬಯಲಿನಲ್ಲಿ ಬೋರ್ಡ್ ಎದ್ದಿತ್ತು. ಇನ್ನು ಮುಂದೆ ಪಾರ್ಕಿಂಗಿಗೆ ಶುಲ್ಕ. ಗಂಟೆ ಲೆಕ್ಕ. ಫೋನಿನಲ್ಲೇ ಕಟ್ಟಬೇಕು. ಬಯಲನ್ನು ಯಾವುದೋ ಕಂಟ್ರಾಕ್ಟರಿಗೆ ವಹಿಸಿದ್ದಾರೆ.

“ಎಂತ ಮಾರಾಯ್ರೆ ಇದು?” ಲ್ಯಾನ್ಸಿ ಬೋರ್ಡಿಗೇ ಬೈದರು. “ನಡೀಲಿಕ್ಕೆ ಬಂದವರ ಹತ್ರ ಮೀಟರ್ ಹಾಕ್ತಾರಾ? ಇದನ್ನು ಹೀಗೇ ಬಿಡ್ಲಿಕ್ಕಿಲ್ಲ. ಟೀಚರ್, ನೀವೊಂದು ಪಿಟಿಷನ್ ಬರೀರಿ.”

ಬರೆದೆ. ಮೊದಲ ಕರಡು ಓದಿ ಲ್ಯಾನ್ಸಿ ತಲೆ ಕೆರೆದುಕೊಂಡರು. “ಆ ಚಾಯ್ ಮಾಮಾನ ವಿಷಯ ಹಾಕಿ. ಬಡವರದ್ದು ಇದ್ರೆ ತೂಕ ಬರ್ತದೆ.”

ಹಾಕಿದೆ. ಒಂದು ಪೂರ್ತಿ ಪ್ಯಾರಾ. ಟ್ಯಾಕ್ಸಿಯವರು ನಿಲ್ಲುವುದಿಲ್ಲ, ಬಾಡಿಗೆ ವ್ಯಾನಿನಲ್ಲಿ ಬರುವ ಬಡ ಸಂಸಾರಗಳು ಬರುವುದಿಲ್ಲ, ಇವರನ್ನೇ ನಂಬಿದ ಒಲೆಗಳು ಆರುತ್ತವೆ ಅಂತ. ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಅಂದರೆ, ಓದಿದವರೆಲ್ಲ ಆ ಪ್ಯಾರಾವನ್ನೇ ಹೊಗಳಿದರು.

ಮೊದಲ ಸಹಿ ಮಾಮಾ ಅತಿಯೆನೊ ಅವರದೇ ಆಗಲಿ ಅಂದೆ. ಕೈ ಒರೆಸಿಕೊಂಡು, ಬೆಂಚಿನ ಮೇಲೆ ಕಾಗದ ಇಟ್ಟು, ಪೂರ್ತಿ ಹೆಸರು ನಿಧಾನವಾಗಿ ಬರೆದರು. ಆಮೇಲೆ ಕೇಳಿದರು, “ಮ್ವಾಲಿಮು, ಇದರಿಂದ ಏನಾದರೂ ಆಗುತ್ತಾ?”

“ಆಗುತ್ತೆ, ಮಾಮಾ.”

ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ.

ಮೂರು ಭಾನುವಾರ ಬೋರ್ಡಿನ ಎದುರು ಫಲಕ ಹಿಡಿದು ನಿಂತೆವು. ಮಾಮಾ ಹಣ್ಣಿನವರನ್ನು, ಟೋಪಿ ಮಾರುವವರನ್ನು, ಟ್ಯಾಕ್ಸಿಯವರನ್ನು ಕರೆತಂದರು. ಅವರು ಹಾಡಿದರು. ನಮಗೆ ಹಾಡು ಬರುವುದಿಲ್ಲವಲ್ಲ, ಚಪ್ಪಾಳೆ ತಟ್ಟಿದೆವು. ಮೂರನೇ ವಾರ ನ್ಗಾರಾ ಪೇಟೆಯ ಅಂಗಡಿಯವರೂ ಬಂದರು. ಆ ಮೂರೂ ವಾರ ಎಲ್ಲರಿಗೂ ಚಾಯ್ ಮಾಮಾ ಅವರದೇ. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳಿದರು. “ಇವತ್ತು ಎಲ್ಲರದೂ ಒಂದೇ ಕೆಲಸ” ಅಂದರು.

ಕೊನೆಗೆ ಪಾರ್ಕಿನ ಆಫೀಸಿನಿಂದ ಮಾತುಕತೆಗೆ ಕರೆ ಬಂತು. ಐದು ಜನ ಬನ್ನಿ ಅಂದರು. ಆ ಐದು ಜನರನ್ನು ಲ್ಯಾನ್ಸಿ ಆರಿಸಿದರು. ಐದೂ ನಾವೇ. “ಆಫೀಸಿನ ಮಾತುಕತೆ ಅಲ್ವಾ, ಇಂಗ್ಲಿಷಿನಲ್ಲಿ ಪಾಯಿಂಟ್ ಹಾಕುವವರು ಬೇಕು.” ಮಾಮಾ ಅತಿಯೆನೊ ಅವರ ಇಂಗ್ಲಿಷ್ ನಮ್ಮಲ್ಲಿ ಇಬ್ಬರಿಗಿಂತ ಚೆನ್ನಾಗಿದೆ. ನನಗೆ ಗೊತ್ತಿತ್ತು. ಸುಮ್ಮನಿದ್ದೆ. ಅವರು ಹೊರಗೆ ಮರದ ಕೆಳಗೆ ಕಾದು ಕೂತರು.

ಅಧಿಕಾರಿ ಬಹಳ ಸೌಜನ್ಯದ ಮನುಷ್ಯ. ಬಿಸ್ಕೆಟ್ ತರಿಸಿದರು. ನೀವೆಲ್ಲ ನಮ್ಮ ಹಳೆಯ ಸ್ನೇಹಿತರು, ನಿಮಗೆ ತೊಂದರೆ ಕೊಡಲು ನಮಗೆ ಇಷ್ಟವಿಲ್ಲ ಅಂದರು. ಹೆಸರು ನೋಂದಾಯಿಸಿದ ವಾಕಿಂಗ್ ಗುಂಪುಗಳಿಗೆ ವರ್ಷಕ್ಕೊಂದು ಸ್ಟಿಕರ್. ಅದಿದ್ದರೆ ಶುಲ್ಕ ಇಲ್ಲ. ಉಳಿದವರಿಗೆ ಇದ್ದೇ ಇರುತ್ತದೆ.

“ಹೊರಗೆ ವ್ಯಾಪಾರ ಮಾಡುವವರ ವಿಷಯ?” ನಾನು ಕೇಳಿದೆ.

“ಅದು ಬೇರೆ ಫೈಲು, ಮೇಡಂ.”

ಲ್ಯಾನ್ಸಿ ನನ್ನತ್ತ ಬಾಗಿ ಕನ್ನಡದಲ್ಲಿ ಪಿಸುಗುಟ್ಟಿದರು. “ಟೀಚರ್, ಸಿಕ್ಕಿದ್ದನ್ನು ಹಿಡ್ಕೊಳ್ಳುವ. ಅವರದ್ದು ಆಮೇಲೆ ಮಾತಾಡುವ.”

ನಾನು ಬಿಸ್ಕೆಟ್ ತಿಂದೆ. ನಿಜವಾಗಿಯೂ. ಆ ಹೊತ್ತಿನಲ್ಲಿ ನಾನು ಮಾಡಿದ್ದು ಅಷ್ಟೇ.

ಹೊರಗೆ ಬಂದಾಗ ಮಾಮಾ ಎದ್ದು ನಿಂತರು. ಲ್ಯಾನ್ಸಿ ದೂರದಿಂದಲೇ ಹೆಬ್ಬೆರಳು ಎತ್ತಿ, “ಗೆದ್ದೆವು!” ಅಂದರು. ಮಾಮಾ ಓಡಿಬಂದು ನನ್ನನ್ನು ತಬ್ಬಿಕೊಂಡರು. ಅವರ ಬಟ್ಟೆಯಲ್ಲಿ ಇದ್ದಿಲಿನ ವಾಸನೆ, ಶುಂಠಿಯ ವಾಸನೆ. “ಅಸಾಂಟೆ, ಮ್ವಾಲಿಮು, ಅಸಾಂಟೆ ಸಾನಾ.” ತುಂಬ ಥ್ಯಾಂಕ್ಸ್ ಅಂತ.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ವಿಷಯ ಅವರಿಗೆ ತಿಳಿದದ್ದು ಬೇಲಿ ಹಾಕುವವರು ಬಂದು ಬೆಂಚು ಎತ್ತಿ ರಸ್ತೆಗೆ ಇಟ್ಟ ದಿನ. ಅಷ್ಟರಲ್ಲಿ ನಾವು ಸ್ಟಿಕರಿನ ಫೋಟೊಗಳನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ ಅಭಿನಂದನೆ ಹೇಳಿಕೊಳ್ಳುತ್ತಿದ್ದೆವು.

ಹೋದ ಭಾನುವಾರ, ಆ ಸೆಲ್ಯೂಟ್ ಆದ ಮೇಲೆ, ನನಗೆ ನಡೆಯುವ ಮನಸ್ಸಾಗಲಿಲ್ಲ. ಕಾರು ನಿಲ್ಲಿಸಿ ಕಾಲ್ಸೇತುವೆ ಹತ್ತಿ ಹೆದ್ದಾರಿಯ ಆಚೆ ಹೋದೆ. ವ್ಯಾಪಾರದವರನ್ನೆಲ್ಲ ಅಲ್ಲಿಗೆ ಕಳಿಸಿದ್ದಾರೆ. ಕೈ ತೋರಿಸಿದಲ್ಲೆಲ್ಲ ನಿಲ್ಲುವ ಮಟಾಟು ವ್ಯಾನುಗಳು ಕೂಡ ನಿಲ್ಲದ ಜಾಗ. ಮಾಮಾ ಅತಿಯೆನೊ ಒಲೆಯ ಮುಂದೆ ಕೂತಿದ್ದರು. ತೊಳೆದು ಕವುಚಿಟ್ಟ ಲೋಟಗಳು ಒಣಗಿದ್ದವು.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿ ಅಂತಲೇ ಹೋಗಿದ್ದೆ ಅನ್ನಿಸುತ್ತದೆ.

“ಕರಿಬು, ಮ್ವಾಲಿಮು” ಅಂದರು. ಬನ್ನಿ, ಕೂತುಕೊಳ್ಳಿ ಅಂತ. ನನಗೆ ಚಾಯ್ ಬಗ್ಗಿಸಿದರು, ಸಕ್ಕರೆ ಹಾಕದೆ. ಮಗಳು ಕೋರ್ಸ್ ಬಿಟ್ಟು ಯಾರದೋ ಮನೆಗೆಲಸಕ್ಕೆ ಸೇರಿದ್ದಾಳೆ ಅಂದರು. ಸಿರಿವಂತರ ಮುಥೈಗಾದಲ್ಲಿ, ದೊಡ್ಡ ಮನೆ. ಒಲೆಯ ಇದ್ದಿಲು ಕೆದಕುತ್ತಾ ಹೇಳಿದರು, “ಆ ಕಾಗದ ನೀವು ಚೆನ್ನಾಗಿ ಬರೆದಿದ್ದಿರಿ. ಇನ್ನೊಂದು ಬರೆಯುತ್ತೀರಾ? ಈ ಸಲ ಬರೀ ನಮಗೆ?”

ಅಲ್ಲೇ, ಅವರ ಅದೇ ಹಳೆಯ ಬೆಂಚಿನ ಮೇಲೆ ಬರೆದೆ. ಏಳು ಜನ ವ್ಯಾಪಾರದವರು ಸಹಿ ಹಾಕಿದರು. ಮನೆಗೆ ಬಂದು ಫೋಟೊ ತೆಗೆದು ಗ್ರೂಪಿಗೆ ಹಾಕಿ, ನೀವೂ ಸಹಿ ಮಾಡಿ ಅಂದೆ. ನಲವತ್ತಕ್ಕೂ ಹೆಚ್ಚು ಜನ ಓದಿದ ಗುರುತು ಬಂತು. ಉತ್ತರ ಇಲ್ಲ. ಸಂಜೆ ಯಾರೋ ಸೂರ್ಯಾಸ್ತದ ಫೋಟೊ ಹಾಕಿದರು. ಅದಕ್ಕೆ ಹನ್ನೆರಡು ಹಾರ್ಟ್.

ಲ್ಯಾನ್ಸಿ ಫೋನ್ ಮಾಡಿದರು. “ನಂಗೆ ಬೇಜಾರಿಲ್ಲ ಅಂತ ಅಲ್ಲ ಟೀಚರ್. ಆದ್ರೆ ಈಗ ಪುನಃ ಗಲಾಟೆ ಮಾಡಿದ್ರೆ ನಮ್ಮದೂ ಕ್ಯಾನ್ಸಲ್ ಆಗ್ತದೆ. ಎಷ್ಟಂದ್ರೂ ನಾವು ಹೊರಗಿನವರು ಅಲ್ವಾ?”

ಲ್ಯಾನ್ಸಿ ಕೆಟ್ಟವರಲ್ಲ. ನನ್ನ ಗಂಡನಿಗೆ ಎದೆನೋವು ಬಂದಾಗ ಆಫೀಸು ಬಿಟ್ಟು ಓಡಿಬಂದವರು. ಮೂವತ್ತು ವರ್ಷದಿಂದ ಇಲ್ಲಿದ್ದಾರೆ, ಪಾಸ್‌ಪೋರ್ಟ್ ಕೂಡ ಇಲ್ಲಿಯದೇ. ಹೊರಗಿನವರಾಗಿದ್ದು ಆ ಸಂಜೆ ಮಾತ್ರ.

ಹದಿನಾರರ ನನ್ನ ಮಗಳು ಟೇಬಲ್ ಮೇಲಿದ್ದ ಕಾಗದ ಓದಿ, ಮಾತುಕತೆಯ ಕಥೆಯನ್ನೆಲ್ಲ ಕೇಳಿ, “ಅಮ್ಮಾ, ವೈ ವಾಸಂಟ್ ಶಿ ಇನ್ ದಟ್ ರೂಮ್?” ಅಂದಳು. ನಾನು, “ಊಟ ಆರುತ್ತೆ, ಬಾ” ಅಂದೆ.

ಸೋಮವಾರ ನಾನೊಬ್ಬಳೇ ಪಾರ್ಕಿನ ಆಫೀಸಿಗೆ ಹೋಗಿ ಕಾಗದ ಕೊಟ್ಟೆ. ಎಂಟು ಹೆಸರು, ನನ್ನದೂ ಸೇರಿ. ಕ್ಲರ್ಕ್ ಸೀಲು ಹೊಡೆದು ರಾಶಿಯ ಮೇಲಿಟ್ಟಳು. ಆ ರಾಶಿಯ ಎತ್ತರ ನೋಡಿದ ಮೇಲೆ ಯಾವಾಗ ಉತ್ತರ ಬರುತ್ತದೆ ಅಂತ ಕೇಳಲಿಲ್ಲ.

ಬುಧವಾರ ಮಾಮಾ ಅತಿಯೆನೊ ಅವರಿಗೆ ಫೋನ್ ಮಾಡಿದೆ. ಹಿಂದೆ ಬಸ್ಸಿನ ಸದ್ದು. ಬಸ್ಸಿನಲ್ಲಿ ಏಳೆಂಟು ಗಂಟೆ ದೂರದ ಕಿಸುಮುವಿನಲ್ಲಿ ತಂಗಿ ಮೀನು ಮಾರುತ್ತಾಳಂತೆ, ಅವಳ ಜೊತೆ ಕೂರುತ್ತೇನೆ ಅಂದರು. “ಕಾಗದಕ್ಕೆ ಅಸಾಂಟೆ” ಅಂದರು. ಎರಡು ಸಲ ಹಲೋ, ಹಲೋ ಅಂದರು. ಸಿಗ್ನಲ್ ಇಲ್ಲ ಅಂದುಕೊಂಡು ಅವರೇ ಇಟ್ಟರು.

ಇವತ್ತು ಗುರುವಾರ. ಗ್ರೂಪಿನಲ್ಲಿ ಮೆಸೇಜ್ ಬಂದಿದೆ: ಭಾನುವಾರ ಎಂಟು ಗಂಟೆಗೆ ಎಲ್ಲರೂ ಬನ್ನಿ, ಚಾಯ್ ಮನೆಯಿಂದಲೇ ತನ್ನಿ. ಇನ್ನು ಅಲ್ಲಿಗೆ ಕಾಲಿಡುವುದಿಲ್ಲ ಅಂತ ಬರೆದರೆ ನಿಮಗೂ ಸಮಾಧಾನ, ನನಗೂ ಸಮಾಧಾನ. ಆದರೆ ಬಹುಶಃ ಹೋಗುತ್ತೇನೆ. ಗಂಡನಿಗೆ ನಡೆಯಲೇಬೇಕು ಅಂತ ಡಾಕ್ಟರ್ ಹೇಳಿದ್ದಾರೆ, ಇತ್ಯಾದಿ, ಇತ್ಯಾದಿ.

ಮೂರು ಭಾನುವಾರ ಚಳಿಯಲ್ಲಿ ನಿಂತು ನಾವು ವಿರೋಧಿಸಿದ್ದು ಶುಲ್ಕವನ್ನೋ, ಅಥವಾ ಅದನ್ನು ನಾವೂ ಕಟ್ಟಬೇಕು ಅನ್ನುವುದನ್ನೋ?